ಉಳಿಯುವ ಸಮಯ ಯಾರ ಪಾಲಿಗೆ?

ಪ್ರಶ್ನೆ: ನನಗೆ 34 ವರ್ಷ. ವಿಜಯನಗರದಲ್ಲಿ ಗಂಡ, ಅತ್ತೆ, 8 ವರ್ಷದ ಮಗಳ ಜೊತೆ ಇದ್ದೇನೆ. ಇಷ್ಟು ದಿನ ಬೆಳ್ಳಂದೂರಿನ ಖಾಸಗಿ ಕಂಪನಿಯಲ್ಲಿದ್ದೆ. ಕಂಪನಿ ಬಸ್ಸಿನಲ್ಲಿ ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ಈಗ ಕೆಪಿಎಸ್‌ಸಿ ಪರೀಕ್ಷೆ ಬರೆದು ಸರ್ಕಾರಿ ಕಚೇರಿಯಲ್ಲಿ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕಿ) ಆಗಿದ್ದೇನೆ. ವಿಧಾನಸೌಧದ ಹತ್ತಿರದ ಬಹುಮಹಡಿ ಕಟ್ಟಡದಲ್ಲಿ ಪೋಸ್ಟಿಂಗ್, ಸೋಮವಾರ ಡ್ಯೂಟಿಗೆ ಸೇರಬೇಕು. ಆದರೆ ನಾನು ಸೇರುವ ಮೊದಲೇ ಮನೆಯಲ್ಲಿ ನನ್ನ ಸಂಜೆಯನ್ನು ಹಂಚಿಕೊಂಡಾಗಿದೆ. “ಆರೂಕಾಲಿಗೆಲ್ಲ ಮನೇಲಿರ್ತೀಯಲ್ಲ, ಇನ್ನು ಅಡುಗೆಯವಳು ಯಾಕೆ?” ಎನ್ನುತ್ತಾರೆ ಅತ್ತೆ. ಟ್ಯೂಷನ್ ಬಿಡಿಸಿ ನೀನೇ ಪಾಠ ಹೇಳಿಕೊಡು ಎನ್ನುತ್ತಾರೆ ಯಜಮಾನರು. ಪಕ್ಕದ ಬೀದಿಯ ನಾದಿನಿ ತನ್ನ ಮಗನನ್ನೂ ನನ್ನ ಹತ್ತಿರ ಬಿಡುತ್ತಾಳಂತೆ. ಹೇಳಲು ನಾಚಿಕೆ, ನನಗೆ ಆ ಬಸ್ ತಪ್ಪಿಹೋಯಿತಲ್ಲ ಎಂದೇ ಸಂಕಟ. ಸಿಲ್ಕ್ ಬೋರ್ಡ್‌ನಲ್ಲಿ ಎಷ್ಟು ಹೊತ್ತು ನಿಂತರೂ ಕಿಟಕಿ ಪಕ್ಕ ಕೂತು ಕಾದಂಬರಿ ಓದುತ್ತಿದ್ದೆ. ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ. ನಾನು ಸ್ವಾರ್ಥಿಯೇ?
– ಹೆಸರು ಬೇಡ, ವಿಜಯನಗರ

ಉತ್ತರ: ಅಲ್ಲ, ಖಂಡಿತ ಅಲ್ಲ. ದಿನಕ್ಕೆ ನಾಲ್ಕು ಗಂಟೆ ಬಸ್ಸಿನಲ್ಲಿ ಕಳೆದು, ಮನೆಯನ್ನೂ ನೋಡಿಕೊಂಡು, ಕೆಪಿಎಸ್‌ಸಿ ಪರೀಕ್ಷೆ ಪಾಸು ಮಾಡಿದ್ದೀರಿ. ನಿಮಗೆ ಸುಸ್ತಾಗಿದೆ. ಸುಸ್ತಾದವರು ಒಂದಿಷ್ಟು ಹೊತ್ತು ಒಬ್ಬರೇ ಇರಬೇಕು ಅಂದುಕೊಳ್ಳುವುದರಲ್ಲಿ ನಾಚಿಕೆ ಏನು ಬಂತು?

ಬಸ್ಸಿನ ಬಗ್ಗೆ ನೀವು ಬರೆದ ಸಾಲು ನನ್ನನ್ನು ತುಂಬಾ ಕಾಡಿತು. ಈ ಊರಿನಲ್ಲಿ ಎಷ್ಟೋ ಹೆಂಗಸರಿಗೆ ತಮ್ಮದು ಅಂತ ಇರುವುದು ಬಸ್ಸಿನ ಒಂದು ಸೀಟು ಅಷ್ಟೇ. ಮನೆಯಲ್ಲಿ ಬೇರೆಯವರಿಗಾಗಿ ಬದುಕು, ಆಫೀಸಿನಲ್ಲೂ ಅದೇ. ನಡುವಿನ ಟ್ರಾಫಿಕ್ಕೇ ಬಿಡುವು. ಈಗ ಆ ಬಿಡುವು ಹೋಗುತ್ತಿದೆ. ಅದರ ಬದಲಿಗೆ ಬೇರೆ ಬಿಡುವನ್ನು ನೀವೇ ಮಾಡಿಕೊಳ್ಳಬೇಕು. ಯಾರೂ ತಾವಾಗಿ ಕೊಡುವುದಿಲ್ಲ.

ಅತ್ತೆಯವರ ಲೆಕ್ಕವೇನೂ ತಪ್ಪಲ್ಲ. ಸರ್ಕಾರಿ ಕಚೇರಿ ಸಂಜೆ ಐದೂವರೆಗೆ ಮುಗಿಯುತ್ತದೆ. ನೇರಳೆ ಮಾರ್ಗದ ಮೆಟ್ರೊದಲ್ಲಿ ಅಂಬೇಡ್ಕರ್ ನಿಲ್ದಾಣದಿಂದ ವಿಜಯನಗರಕ್ಕೆ ಮೆಜೆಸ್ಟಿಕ್‌ನಲ್ಲಿ ಇಳಿದು ಬದಲಾಯಿಸದೆ ನೇರ ಬರಬಹುದು. ಎರಡನೇ, ನಾಲ್ಕನೇ ಶನಿವಾರ ರಜೆಯೂ ಇದೆ. ಆದರೆ ಆ ಲೆಕ್ಕದಲ್ಲಿ ಪ್ರೊಬೇಷನ್, ಅಂದರೆ ಕೆಲಸ ಕಾಯಂ ಆಗುವ ಮೊದಲಿನ ಪರೀಕ್ಷಾ ಅವಧಿ, ಸೇರಿಲ್ಲ. ಅದು ಕನಿಷ್ಠ ಎರಡು ವರ್ಷ. ಅಷ್ಟರಲ್ಲಿ ಅಕೌಂಟ್ಸ್, ಜನರಲ್ ಲಾ ಅಂತ ಇಲಾಖಾ ಪರೀಕ್ಷೆಗಳಿಗೆ ಕೂರಬೇಕು, ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯನ್ನೂ ಪಾಸು ಮಾಡಬೇಕು. ಕಡತ ಬರೆಯುವ ರೀತಿ, ಟಿಪ್ಪಣಿ ಹಾಕುವ ರೀತಿ, ಕೆಸಿಎಸ್‌ಆರ್ ಎಂಬ ಸರ್ಕಾರಿ ಸೇವಾ ನಿಯಮಗಳು, ಎಲ್ಲವೂ ಖಾಸಗಿ ಕಂಪನಿಯಿಂದ ಬಂದವರಿಗೆ ಹೊಸದು. ಮೊದಲ ಆರು ತಿಂಗಳಂತೂ ತಲೆ ಪೂರ್ತಿ ಅಲ್ಲೇ ಇರುತ್ತದೆ. ಸರ್ಕಾರಿ ಕೆಲಸ ಎಂದರೆ ಆರಾಮ ಅಂದುಕೊಂಡವರಿಗೆ ಇದನ್ನು ಬಿಡಿಸಿ ಹೇಳಿ.

ಆದರೆ ಪರೀಕ್ಷೆಯೊಂದನ್ನೇ ಕಾರಣವಾಗಿ ಮುಂದಿಡಬೇಡಿ. ಹಾಗೆ ಮಾಡಿದರೆ ಪರೀಕ್ಷೆ ಮುಗಿದ ಮರುದಿನವೇ ಆ ಸಮಯ ಕೈತಪ್ಪುತ್ತದೆ. ಯಜಮಾನರಿಗೆ ನೇರವಾಗಿ ಹೇಳಿ: “ಇಷ್ಟು ವರ್ಷ ಬಸ್ಸಿನಲ್ಲಿ ನನಗೆ ಒಂದಿಷ್ಟು ಹೊತ್ತು ಸಿಗುತ್ತಿತ್ತು, ರೀ. ಅದರಲ್ಲಿ ಒಂದು ಗಂಟೆಯಾದರೂ ನನಗೆ ಬೇಕು. ಓದಿಕೊಳ್ಳುತ್ತೇನೆ, ಇಲ್ಲಾ ಸುಮ್ನೆ ಕೂತಿರುತ್ತೇನೆ.” ಜಗಳದ ದನಿ ಬೇಡ, ಕ್ಷಮೆ ಕೇಳುವ ದನಿಯೂ ಬೇಡ.

ಆ ಗಂಟೆಯನ್ನು ಮನೆಯ ಹೊರಗೆ ಕಳೆದರೆ ಒಳ್ಳೆಯದು. ಹೊಸ್ತಿಲು ದಾಟಿ ಒಳಗೆ ಹೋದ ಮೇಲೆ ಅದು ಉಳಿಯುವುದು ಕಷ್ಟ, ಅಲ್ವಾ? ನಿಮ್ಮ ಕಚೇರಿಯಿಂದ ನಡೆದು ಹೋಗುವಷ್ಟು ದೂರದಲ್ಲಿ ಕಬ್ಬನ್ ಪಾರ್ಕ್ ಇದೆ. ಅದರೊಳಗಿನ ಕೆಂಪು ಕಟ್ಟಡ, ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯವಿದೆ. ಕಾದಂಬರಿ ಓದುವವರಿಗೆ ಇದಕ್ಕಿಂತ ಒಳ್ಳೆಯ ಪೋಸ್ಟಿಂಗ್ ಸಿಗುವುದಿಲ್ಲ ಎಂದು ನಾನು ಮನಸ್ಸಿನಿಂದಲೇ ಹೇಳುತ್ತಿದ್ದೇನೆ. ವಾರಕ್ಕೆ ಎರಡು ಸಲವಾದರೂ ಹೋಗಿ.

ಮಗಳ ವಿಷಯ ಬೇರೆ. ಇಷ್ಟು ದಿನ ನೀವು ಬರುವಷ್ಟರಲ್ಲಿ ಅವಳಿಗೆ ನಿದ್ದೆ ಬರುವ ಹೊತ್ತಾಗಿರುತ್ತಿತ್ತು. ಉಳಿದ ಸಮಯದಲ್ಲಿ ದೊಡ್ಡ ಪಾಲು ಅವಳಿಗೆ ಕೊಡಿ, ಆದರೆ ಅಮ್ಮನಾಗಿ. ಟ್ಯೂಷನ್ ಮೇಡಂ ಆದರೆ ಸಂಜೆಯೆಲ್ಲ ಹೋಂವರ್ಕಿನ ರಗಳೆಯಲ್ಲೇ ಹೋಗುತ್ತದೆ. ನಾದಿನಿಗೆ ಈಗಲೇ “ಆಗಲ್ಲ ಕಣೇ” ಅನ್ನಿ. ಒಂದು ಸಲ ಶುರುವಾದರೆ ನಿಲ್ಲಿಸುವುದು ಕಷ್ಟ, ಆಗ ಮನಸ್ತಾಪವೂ ಜಾಸ್ತಿ.

ಅಡುಗೆಯವರನ್ನು ಬಿಡಿಸಬೇಡಿ. ಆಕೆಗೂ ಒಂದು ಸಂಸಾರವಿದೆ. ಆದರೆ ಅದಕ್ಕೆ ಕೈಯಲ್ಲಿ ಸ್ವಲ್ಪ ದುಡ್ಡು ಇರಲಿ. ಸರ್ಕಾರಿ ಕೆಲಸದಲ್ಲಿ ಮೊದಲ ಸಂಬಳ ತಡವಾಗುವುದು ಮಾಮೂಲು. ಆಮೇಲೂ ಮೂಲ ವೇತನ ಮತ್ತು ಡಿಎ (ತುಟ್ಟಿಭತ್ಯೆ) ಸೇರಿಸಿದ ಮೊತ್ತದಲ್ಲಿ ಶೇ 10 ಎನ್‌ಪಿಎಸ್ ಪಿಂಚಣಿ ಯೋಜನೆಗೆ ಹೋಗುತ್ತದೆ, ಕೆಜಿಐಡಿ ವಿಮೆ ಕಂತೂ ಕಡಿತವಾಗುತ್ತದೆ. ಹಳೆ ಕಂಪನಿಯಿಂದ ಬರುವ ಕೊನೆಯ ಹಣದಲ್ಲಿ ಆಕೆಯ ಮೂರ್ನಾಲ್ಕು ತಿಂಗಳ ಸಂಬಳ ಎತ್ತಿಡಿ. ಆಗ ಅತ್ತೆಯವರಿಗೂ ಖರ್ಚಿನ ಚಿಂತೆ ಇರುವುದಿಲ್ಲ.

ಮಾತು ಮಾತ್ರ ಈ ಭಾನುವಾರವೇ ಆಗಲಿ. ಒಂದು ವಾರ ನೀವು ಆರೂಕಾಲಿಗೆ ಬಂದು ನೇರ ಅಡುಗೆಮನೆಗೆ ಹೋದರೆ ಅದೇ ರೂಢಿಯಾಗುತ್ತದೆ. ಮೊದಲು ಯಜಮಾನರ ಹತ್ತಿರ ಮಾತಾಡಿ, ಆಮೇಲೆ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಅತ್ತೆಯವರಿಗೆ ಹೇಳಿ.