ಆರ್ಡುಯಿನೊದಂಥ ಬೋರ್ಡನ್ನು ಯುಎಸ್‌ಬಿ ಕೇಬಲ್ಲಿನಿಂದ ಜೋಡಿಸಿದರೆ ಅದರ ದೀಪ ಉರಿಯುತ್ತೆ, ಕಂಪ್ಯೂಟರಿನಲ್ಲಿ ಅದರ ಸೀರಿಯಲ್ ಪೋರ್ಟ್ (ಬೋರ್ಡಿನ ಜೊತೆ ಮಾತಾಡುವ ದಾರಿ) ಮಾತ್ರ ಕಾಣಿಸಲ್ಲ. ಯಾಕೆ?

ಮೊದಲು ಕೇಬಲ್ ಬದಲಿಸಿ ನೋಡಿ. ದೀಪ ಉರಿದರೆ ಕರೆಂಟ್ ಬರ್ತಿದೆ ಅಂತಷ್ಟೇ ಅರ್ಥ; ಬರೀ ಚಾರ್ಜಿಂಗ್‌ಗೆಂದು ಮಾಡಿದ ಕೇಬಲ್ಲಿನಲ್ಲಿ ಡೇಟಾದ ಎರಡು ತಂತಿಗಳೇ ಇರಲ್ಲ. ಡ್ರೈವರ್ (ಸಾಧನವನ್ನು ಕಂಪ್ಯೂಟರಿಗೆ ಪರಿಚಯಿಸುವ ತಂತ್ರಾಂಶ) ಹಾಕಿ ತೆಗೆದು ಸುಸ್ತಾದವರಲ್ಲಿ ಎಷ್ಟೋ ಜನರ ತಪ್ಪು ಇದೇ.

ಕೇಬಲ್ ಸರಿಯಿದ್ದರೆ ಯುಎಸ್‌ಬಿ ಸಾಕೆಟ್ ಹತ್ತಿರ ಯುಎಸ್‌ಬಿ ಸಂಕೇತವನ್ನು ಸೀರಿಯಲ್‌ಗೆ ಬದಲಿಸುವ ಚಿಪ್ ಇರುತ್ತೆ, ಅದರ ಮೇಲಿನ ಹೆಸರು ಓದಿ. ಸಿಎಚ್340 ಅಥವಾ ಸಿಪಿ2102 ಅಂತಿದ್ದರೆ ವಿಂಡೋಸ್‌ಗೆ ಅದರ ಡ್ರೈವರ್ ಬೇಕಾಗಬಹುದು. ಲಿನಕ್ಸ್‌ನಲ್ಲಿ ಅದು ಕರ್ನಲ್ (ವ್ಯವಸ್ಥೆಯ ತಿರುಳು) ಜೊತೆಗೇ ಬರುತ್ತೆ. ಆದರೆ ಉಬುಂಟು 22.04 ಎಂಬ ಲಿನಕ್ಸ್‌ನಲ್ಲಿ ಬ್ರೈಲ್ ಡಿಸ್‌ಪ್ಲೇಗಾಗಿ ಇರುವ 'ಬಿಆರ್‌ಎಲ್‌ಟಿಟಿವೈ' ಎಂಬ ಪ್ರೋಗ್ರಾಂ ಸಿಎಚ್340 ಪೋರ್ಟನ್ನು ತನ್ನದೆಂದು ಕಿತ್ತುಕೊಳ್ಳುವುದುಂಟು. ಬ್ರೈಲ್ ಬಳಸದಿದ್ದರೆ ಅದನ್ನು ತೆಗೆದುಹಾಕಿ. ಪೋರ್ಟ್ ಕಂಡರೂ 'ಪರ್ಮಿಷನ್ ಡಿನೈಡ್' ಅಂದರೆ ನಿಮ್ಮ ಯೂಸರನ್ನು 'ಡಯಲ್‌ಔಟ್' (ಪೋರ್ಟ್ ಬಳಸಲು ಅನುಮತಿ ಇರುವವರ) ಗುಂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಮತ್ತೆ ಬನ್ನಿ.

ಅಕ್ಷರದ ಬದಲು ಚಿತ್ರವಿಚಿತ್ರ ಗುರುತು ಬಂದರೆ? ಡೇಟಾ ಕಳಿಸುವ ವೇಗ (ಬಾಡ್ ರೇಟ್) ಕೋಡಿನಲ್ಲಿ 115200, ಬೋರ್ಡ್ ಕಳಿಸಿದ್ದನ್ನು ತೋರಿಸುವ ಸೀರಿಯಲ್ ಮಾನಿಟರ್ ಕಿಟಕಿಯಲ್ಲಿ 9600 ಇದೆಯೇನೋ ನೋಡಿ; ಎರಡೂ ಒಂದೇ ಇರಬೇಕು.