ಪ್ರತಿಕ್ರಿಯೆ: ಪ್ಲೇಗ್ ಕಾಲದಲ್ಲಿ ಇಲಿ ಸತ್ತರೆ ಮನೆ ಬಿಡುತ್ತಿದ್ದುದು ಏಕೆ?

ಇಲಿ ಸತ್ತು ಬಿದ್ದ ಕೂಡಲೇ ಮನೆಗೆ ಬೀಗ ಹಾಕಿ, ಊರಾಚೆಯ ಬಯಲಿನಲ್ಲಿ ಗುಡಿಸಲು ಕಟ್ಟಿಕೊಳ್ಳುತ್ತಿದ್ದರೆಂದು ನಿಮ್ಮ ಅಜ್ಜಿ ಹೇಳಿದ್ದು ಮೂಢನಂಬಿಕೆಯೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ, ಆ ತಿಳಿವಳಿಕೆಗೆ ನಾವು ಗೌರವ ಕೊಡಬೇಕು.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಕಾಲಿಟ್ಟಾಗ ಸರ್ಕಾರ ನೆಚ್ಚಿಕೊಂಡಿದ್ದು ರೈಲು ಪ್ರಯಾಣಿಕರ ತಪಾಸಣೆ, ಮನೆಗಳ ಶೋಧನೆ ಮತ್ತು ಪ್ರತ್ಯೇಕ ಶಿಬಿರಗಳನ್ನು. ಇಂಥ ಕ್ರಮಗಳಿಗೆ ಹೆದರಿ ಜನ ರೋಗಿಗಳನ್ನೇ ಬಚ್ಚಿಡುತ್ತಿದ್ದುದರಿಂದ ರೋಗ ಎಲ್ಲಿದೆಯೆಂದು ತಿಳಿಯುವುದು ಇನ್ನಷ್ಟು ಕಷ್ಟವಾಗುತ್ತಿತ್ತು.

ಇಲಿ ಸತ್ತ ಮನೆಯಲ್ಲಿ ಪ್ಲೇಗ್ ಹರಡುವುದರ ಕಾರಣ ಸ್ಪಷ್ಟವಾದದ್ದು 1905ರ ನಂತರ. ಬೊಂಬಾಯಿಯ ಪರೇಲ್ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ ಸಂಶೋಧಕರು ಪ್ಲೇಗ್ ಕಾಣಿಸಿಕೊಂಡ ಮನೆಗಳಲ್ಲಿ ಗಿನಿ ಇಲಿಗಳನ್ನು ಬಿಟ್ಟು ನೋಡಿದರು. ಹಾಗೇ ಓಡಾಡಿಕೊಂಡಿದ್ದವುಗಳ ಮೈಗೆ ಚಿಗಟಗಳು ಹತ್ತಿ ಹಲವು ಪ್ಲೇಗಿನಿಂದ ಸತ್ತವು. ಅದೇ ಮನೆಯಲ್ಲಿ, ಚಿಗಟ ನುಸುಳಲಾಗದ ಸಣ್ಣ ಜಾಲರಿಯ ಪಂಜರದಲ್ಲಿದ್ದವು ಬದುಕಿ ಉಳಿದವು. ಇಲಿ ಸತ್ತು ಅದರ ಮೈ ತಣ್ಣಗಾದೊಡನೆ ಚಿಗಟಗಳು ಅದನ್ನು ಬಿಟ್ಟು, ಹಸಿವಿನಿಂದ ಮನುಷ್ಯರನ್ನು ಕಚ್ಚುತ್ತವೆ. ಇಲಿಗಳಲ್ಲಿ ರೋಗ ಹರಡಿ ಸುಮಾರು 10ರಿಂದ 14 ದಿನಗಳಲ್ಲಿ ಜನರಲ್ಲಿ ಅದು ಕಾಣಿಸಿಕೊಳ್ಳುತ್ತಿದ್ದುದರಿಂದ, ಸತ್ತ ಇಲಿಯೇ ಊರಿಗೆ ಸಿಗುತ್ತಿದ್ದ ಮೊದಲ ಸೂಚನೆಯಾಗಿತ್ತು.

ವಿಜ್ಞಾನಿ ಹಾಫ್ಕಿನ್ ಅವರ ಪ್ಲೇಗ್ ಲಸಿಕೆ 1897ರಲ್ಲೇ ಸಿದ್ಧವಾಗಿತ್ತಾದರೂ, ಕೈಯಲ್ಲಿ ಕಾಸಿಲ್ಲದವರಿಗೂ ಸಾಧ್ಯವಿದ್ದ ರಕ್ಷಣೆಯೆಂದರೆ ಸಕಾಲದಲ್ಲಿ ಮನೆ ಖಾಲಿ ಮಾಡುವುದು. ಆದರೆ ಹಾಸಿಗೆ, ಬಟ್ಟೆ, ಕಾಳಿನ ಮೂಟೆಗಳೊಡನೆ ಚಿಗಟಗಳೂ ಬಯಲಿಗೆ ಹೋಗಬಹುದಿತ್ತು. ಆದ್ದರಿಂದ ಬಟ್ಟೆಬರೆಗಳನ್ನು ಬಿರುಬಿಸಿಲಿನಲ್ಲಿ ಹರಡುವುದೂ ಅಷ್ಟೇ ಮುಖ್ಯವಾಗಿತ್ತು.