ಓದುಗರ ಪ್ರಶ್ನೆ: ಪ್ರಿಮಾಕೋವ್ ಎಂಬ ಅರಬ್ಬಿ ಬಲ್ಲ ಪ್ರಧಾನಿ

ಪ್ರಶ್ನೆ: ರಷ್ಯಾದ ಪ್ರಿಮಾಕೋವ್ ಅವರನ್ನು ಒಂದು ಕಡೆ ಪತ್ರಕರ್ತ ಎನ್ನುತ್ತಾರೆ, ಇನ್ನೊಂದು ಕಡೆ ಗುಪ್ತಚರ ಮುಖ್ಯಸ್ಥ, ಮತ್ತೊಂದು ಕಡೆ ಪ್ರಧಾನಿ. ಇವರೆಲ್ಲ ಒಬ್ಬರೇನಾ?

ಉತ್ತರ: ಒಬ್ಬರೇ. ಯೆವ್ಗೆನಿ ಪ್ರಿಮಾಕೋವ್ 1929ರಲ್ಲಿ ಕೀವ್‌ನಲ್ಲಿ ಹುಟ್ಟಿ ಟಿಬಿಲಿಸಿಯಲ್ಲಿ ಬೆಳೆದರು. 1953ರಲ್ಲಿ ಮಾಸ್ಕೋದ ಪ್ರಾಚ್ಯ ಅಧ್ಯಯನ ಸಂಸ್ಥೆಯಿಂದ ಹೊರಬಂದಾಗ ಕೈಯಲ್ಲಿದ್ದ ಬಂಡವಾಳ ಅರಬ್ಬಿ ಭಾಷೆ. ಮೊದಲು ರೇಡಿಯೊ, ಆಮೇಲೆ ‘ಪ್ರಾವ್ದಾ’ ಪತ್ರಿಕೆಯ ಕೈರೋ ವರದಿಗಾರಿಕೆ. ಸದ್ದಾಂ ಹುಸೇನ್ ಪರಿಚಯವಾದದ್ದು 1960ರ ದಶಕದ ಕೊನೆಗೆ, ಸದ್ದಾಂ ಇನ್ನೂ ಇರಾಕಿನ ಅಧ್ಯಕ್ಷನಾಗಿರದ ಕಾಲದಲ್ಲಿ. ಮುಂದೆ 1990ರಲ್ಲಿ ಇರಾಕ್ ಕುವೈತನ್ನು ನುಂಗಿದಾಗ ಸೋವಿಯತ್ ಅಧ್ಯಕ್ಷ ಗೋರ್ಬಚೆವ್ ಮಾತುಕತೆಗೆಂದು ಬಾಗ್ದಾದಿಗೆ ಕಳಿಸಿದ್ದು ಇವರನ್ನೇ. 2003ರ ಫೆಬ್ರವರಿಯಲ್ಲಿ ‘ಅಧಿಕಾರ ಬಿಡು’ ಎಂದು ಸದ್ದಾಂಗೆ ಹೇಳಲು ಪುಟಿನ್ ಕಳಿಸಿದ್ದೂ ಇವರನ್ನೇ. ಎರಡು ಸಲವೂ ಯುದ್ಧ ನಿಲ್ಲಲಿಲ್ಲ. ಆದರೆ ಆ ಬಾಗಿಲು ಬಡಿಯಬಲ್ಲ ಇನ್ನೊಬ್ಬರು ಮಾಸ್ಕೋದಲ್ಲಿ ಸುಲಭಕ್ಕೆ ಸಿಗುತ್ತಿರಲಿಲ್ಲ.

ವರದಿಗಾರಿಕೆಗೂ 1990ರ ಬಾಗ್ದಾದ್ ಪಯಣಕ್ಕೂ ನಡುವಿನ ಕಾಲ ಹೆಚ್ಚಾಗಿ ವಿದ್ವತ್ತಿನದು. 1977ರಿಂದ ಪ್ರಾಚ್ಯ ಅಧ್ಯಯನ ಸಂಸ್ಥೆಯ ನಿರ್ದೇಶಕ, 1985ರಿಂದ ವಿಶ್ವ ಅರ್ಥವ್ಯವಸ್ಥೆ ಮತ್ತು ಅಂತರರಾಷ್ಟ್ರೀಯ ಸಂಬಂಧಗಳ ಸಂಸ್ಥೆಯ ನಿರ್ದೇಶಕ. ಈ ಎರಡನೆಯದಕ್ಕೆ ರಷ್ಯನ್ನರು ‘ಇಮೆಮೊ’ ಎನ್ನುತ್ತಾರೆ. ಈಗ ಅದಕ್ಕೆ ಪ್ರಿಮಾಕೋವ್ ಹೆಸರೇ ಇದೆ.

ಪ್ರಶ್ನೆ: ಅಂದಮೇಲೆ ಅವರು ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಯ ಅಧಿಕಾರಿಯಲ್ಲವೇ?

ಉತ್ತರ: ಅಲ್ಲಿಯೇ ಮೆಟ್ಟಿಲು ಹತ್ತಿ ಬೆಳೆದವರಲ್ಲ, ಮೇಲಿನಿಂದ ಬಂದು ಕೂತವರು. 1991ರ ಆಗಸ್ಟ್‌ನಲ್ಲಿ ಗೋರ್ಬಚೆವ್ ವಿರುದ್ಧ ನಡೆದ ದಂಗೆ ವಿಫಲವಾದ ಬಳಿಕ, ಸೆಪ್ಟೆಂಬರಿನಲ್ಲಿ ಕೆಜಿಬಿಯ ವಿದೇಶಿ ಗುಪ್ತಚರ ವಿಭಾಗದ ಹೊಣೆ ಸಿಕ್ಕಿತು. ವರ್ಷಾಂತ್ಯಕ್ಕೆ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು, ಆ ವಿಭಾಗ ರಷ್ಯಾದ ವಿದೇಶಿ ಗುಪ್ತಚರ ಸಂಸ್ಥೆಯಾಯಿತು. ಗೋರ್ಬಚೆವ್ ನೇಮಿಸಿದವರನ್ನು ರಷ್ಯಾದ ಅಧ್ಯಕ್ಷ ಯೆಲ್ಟ್‌ಸಿನ್ ಹೆಚ್ಚಾಗಿ ಉಳಿಸಿಕೊಳ್ಳಲಿಲ್ಲ, ಪ್ರಿಮಾಕೋವ್ ಉಳಿದರು. 1993ರ ನವೆಂಬರಿನಲ್ಲಿ ಅವರ ಸಂಸ್ಥೆ ನ್ಯಾಟೊ ವಿಸ್ತರಣೆಯ ಅಪಾಯಗಳ ಬಗ್ಗೆ ಬಹಿರಂಗ ವರದಿಯನ್ನೇ ಹೊರತಂದಿತು. ಗೂಢಚಾರರು ಪತ್ರಿಕಾಗೋಷ್ಠಿ ಕರೆಯುವುದು ಅಪರೂಪ. ಪಶ್ಚಿಮದತ್ತ ವಾಲಿದ್ದ ಆಗಿನ ವಿದೇಶಾಂಗ ಸಚಿವ ಆಂದ್ರೇ ಕೊಜಿರೆವ್ ಅವರ ದಾರಿ ಬೇರೆ, ತಮ್ಮದು ಬೇರೆ ಎಂದು ಸಾರಿದಂತೆಯೇ ಅದು. 1996ರ ಜನವರಿಯಲ್ಲಿ ಕೊಜಿರೆವ್ ಕುರ್ಚಿ ಇವರಿಗೆ ಬಂತು.

ವಿರೋಧಿಸಿದ ನ್ಯಾಟೊ ಜೊತೆ ಮಾತಾಡುವುದನ್ನು ಮಾತ್ರ ಅವರು ಬಿಡಲಿಲ್ಲ. 1997ರ ಮೇ 27ರಂದು ಪ್ಯಾರಿಸ್ಸಿನಲ್ಲಿ ಸಹಿಯಾದ ರಷ್ಯಾ–ನ್ಯಾಟೊ ಒಪ್ಪಂದದ ಹಿಂದೆ ನ್ಯಾಟೊ ಪ್ರಧಾನ ಕಾರ್ಯದರ್ಶಿ ಹವಿಯೆರ್ ಸೊಲಾನಾ ಜೊತೆ ಇವರು ನಡೆಸಿದ ದೀರ್ಘ ಚೌಕಾಸಿ ಇದೆ.

ಪ್ರಶ್ನೆ: ಪಕ್ಷವೇ ಇಲ್ಲದವರು 1998ರಲ್ಲಿ ಪ್ರಧಾನಿಯಾದದ್ದು ಹೇಗೆ? ಎಂಟೇ ತಿಂಗಳಲ್ಲಿ ಹೋದದ್ದು ಏಕೆ?

ಉತ್ತರ: ಇದನ್ನು ಸಂವಿಧಾನದ ಲೆಕ್ಕ ಹಿಡಿದು ನೋಡಿದರೆ ಮಾತ್ರ ಅರ್ಥವಾಗುತ್ತದೆ. 1998ರ ಆಗಸ್ಟ್ 17ರಂದು ಸರ್ಕಾರ ಸಾಲ ತೀರಿಸಲಾರೆ ಎಂದು ಕೈಚೆಲ್ಲಿತು, ರೂಬಲ್ ಕುಸಿಯಿತು. ಯೆಲ್ಟ್‌ಸಿನ್ ಹಳೆಯ ಪ್ರಧಾನಿ ಚೆರ್ನೊಮಿರ್ದಿನ್ ಹೆಸರು ಕಳಿಸಿದರು. ಕೆಳಮನೆ ಡ್ಯೂಮಾದಲ್ಲಿ 450 ಸ್ಥಾನ, ಒಪ್ಪಿಗೆಗೆ ಬೇಕಾದದ್ದು 226 ಮತ. ಡ್ಯೂಮಾ ಎರಡು ಸಲ ತಳ್ಳಿಹಾಕಿತು. ಆಗಿನ 111ನೇ ವಿಧಿಯ ಪ್ರಕಾರ ಮೂರನೇ ಸಲವೂ ತಿರಸ್ಕರಿಸಿದರೆ ಅಧ್ಯಕ್ಷ ತಾನೇ ಪ್ರಧಾನಿಯನ್ನು ನೇಮಿಸಿ ಡ್ಯೂಮಾ ವಿಸರ್ಜಿಸಬೇಕು. ಖಜಾನೆ ಬರಿದಾದ ಹೊತ್ತಿನಲ್ಲಿ ಚುನಾವಣೆ ಎರಡೂ ಕಡೆಗೆ ದುಬಾರಿ. ಕಮ್ಯುನಿಸ್ಟರಿಗೂ ಉದಾರವಾದಿಗಳಿಗೂ ಒಗ್ಗುವ ಹೆಸರು ಬೇಕಿತ್ತು. ಪಕ್ಷವಿಲ್ಲದ್ದೇ ಪ್ರಿಮಾಕೋವ್‌ಗೆ ವರವಾಯಿತು: ಸೆಪ್ಟೆಂಬರ್ 11ರಂದು 317 ಮತ.

ಅವರ ಆರ್ಥಿಕ ನೀತಿಯಲ್ಲಿ ಚಮತ್ಕಾರವೇನೂ ಇರಲಿಲ್ಲ. ಕಮ್ಯುನಿಸ್ಟ್ ಪಕ್ಷದ ಮಾಸ್ಲ್ಯುಕೊವ್ ಅವರನ್ನು ಮೊದಲ ಉಪಪ್ರಧಾನಿ ಮಾಡಿಕೊಂಡರು, ಕೇಂದ್ರ ಬ್ಯಾಂಕಿಗೆ ಅದರ ಹಳೆಯ ಮುಖ್ಯಸ್ಥ ಗೆರಾಶ್ಚೆಂಕೊ ಮರಳಿದರು, ಖರ್ಚು ಬಿಗಿಯಾಯಿತು. ರೂಬಲ್ ಅಗ್ಗವಾಗಿ ಆಮದು ಸರಕು ತುಟ್ಟಿಯಾದ್ದರಿಂದ ದೇಶದ ಕಾರ್ಖಾನೆಗಳು ಉಸಿರಾಡತೊಡಗಿದವು. ಚೇತರಿಕೆಯ ಕೀರ್ತಿಯನ್ನು ಪೂರ್ತಿ ಅವರಿಗೇ ಕಟ್ಟುವವರು ಈ ಅಗ್ಗದ ರೂಬಲ್ಲನ್ನು ಮರೆಯುತ್ತಾರೆ.

1999ರ ಮಾರ್ಚ್ 24ರಂದು ಸಾಲದ ಮಾತುಕತೆಗೆ ವಾಷಿಂಗ್ಟನ್‌ಗೆ ಹೊರಟಿದ್ದರು. ಯುಗೊಸ್ಲಾವಿಯಾ ಮೇಲೆ ನ್ಯಾಟೊ ಬಾಂಬ್ ದಾಳಿ ಇನ್ನು ತಪ್ಪದು ಎಂದು ಅಮೆರಿಕದ ಉಪಾಧ್ಯಕ್ಷ ಅಲ್ ಗೋರ್ ಫೋನಿನಲ್ಲಿ ತಿಳಿಸಿದರು. ವಿಮಾನ ಆಗ ಅಟ್ಲಾಂಟಿಕ್ ಮೇಲಿತ್ತು. ಪ್ರಿಮಾಕೋವ್ ಅದನ್ನು ಮಾಸ್ಕೋಗೆ ತಿರುಗಿಸಿದರು. ಜನಪ್ರಿಯತೆ ಏರಿತು, ಯೆಲ್ಟ್‌ಸಿನ್ ಬಳಗಕ್ಕೆ ಹಿಡಿಸದಿದ್ದದ್ದೂ ಅದೇ.

ಮೇ 12ರಂದು ವಜಾ. ದಿನಾಂಕ ಗಮನಿಸಿ: ಮಾರನೆಯ ದಿನವೇ ಡ್ಯೂಮಾದಲ್ಲಿ ಯೆಲ್ಟ್‌ಸಿನ್ ವಿರುದ್ಧ ಮಹಾಭಿಯೋಗದ ಚರ್ಚೆ ಶುರುವಾಗಬೇಕಿತ್ತು. ಆರೋಪ ಹೊರಿಸಲು ಮೂರನೇ ಎರಡರಷ್ಟು, ಎಂದರೆ 300 ಮತ ಬೇಕು. ಹೊರಿಸಿಬಿಟ್ಟರೆ ಮೇಲ್ಮನೆ ತೀರ್ಮಾನಿಸುವವರೆಗೆ ಡ್ಯೂಮಾ ವಿಸರ್ಜಿಸುವಂತಿಲ್ಲ. ಮೇ 15ರಂದು ಐದು ಆರೋಪಗಳಲ್ಲಿ ಒಂದಕ್ಕೂ 300 ಬೀಳಲಿಲ್ಲ. ನಾಲ್ಕು ದಿನ ಬಿಟ್ಟು ಅದೇ ಸದನ ಅಧ್ಯಕ್ಷರು ಹೆಸರಿಸಿದ ಸ್ಟೆಪಾಶಿನ್ ಅವರನ್ನು ಪ್ರಧಾನಿಯಾಗಿ ಒಪ್ಪಿಕೊಂಡಿತು. ಪ್ರಿಮಾಕೋವ್ ಪರ ಯಾರೂ ಬೀದಿಗಿಳಿಯಲಿಲ್ಲ. ಪಕ್ಷವಿಲ್ಲದೆ ಬಂದವರನ್ನು ಉಳಿಸಿಕೊಳ್ಳಲು ಪಕ್ಷವೂ ಇರಲಿಲ್ಲ.

ರಾಜಕೀಯ ಕೂಟ ಕಟ್ಟಿದ್ದು ಆಮೇಲೆ, ಮಾಸ್ಕೋ ಮೇಯರ್ ಲುಜ್ಕೋವ್ ಜೊತೆ. ಆ ಡಿಸೆಂಬರ್ ಚುನಾವಣೆಯಲ್ಲಿ ಅವರ ಕೂಟಕ್ಕೆ ಸುಮಾರು ಶೇ 13 ಮತ ಬಂದು ಮೂರನೇ ಸ್ಥಾನ. ಅಧ್ಯಕ್ಷ ಹುದ್ದೆಗೆ ಸ್ಪರ್ಧಿಸುವ ಆಸೆ ಅಲ್ಲಿಗೆ ಮುಗಿಯಿತು. 2001ರಿಂದ 2011ರವರೆಗೆ ವಾಣಿಜ್ಯ ಮತ್ತು ಕೈಗಾರಿಕಾ ಮಂಡಳಿಯ ಅಧ್ಯಕ್ಷರಾಗಿದ್ದು, 2015ರ ಜೂನ್ 26ರಂದು ತೀರಿಕೊಂಡರು.

ಪ್ರಶ್ನೆ: ಭಾರತ–ರಷ್ಯಾ–ಚೀನಾ ಕೂಟದ ಯೋಚನೆ ಅವರದೇ?

ಉತ್ತರ: ಹೌದು, 1998ರ ಡಿಸೆಂಬರಿನಲ್ಲಿ ದೆಹಲಿಗೆ ಬಂದಾಗ ಮುಂದಿಟ್ಟರು. ಪೋಖರಣ್ ಪರೀಕ್ಷೆ ಮುಗಿದು ಏಳು ತಿಂಗಳಾಗಿತ್ತು. ದೆಹಲಿ, ಬೀಜಿಂಗ್ ಎರಡೂ ಆಗ ಉತ್ಸಾಹ ತೋರಲಿಲ್ಲ. ಮೂರು ದೇಶಗಳ ವಿದೇಶಾಂಗ ಸಚಿವರು ಸೇರತೊಡಗಿದ್ದು 2000ದ ದಶಕದಲ್ಲಿ.

ಪ್ರಶ್ನೆ: ಸಂಸತ್ತಿನ ವಿದೇಶಾಂಗ ಸಮಿತಿಯ ಅಧ್ಯಕ್ಷ ಏನೋ ಹೇಳಿದರೆಂದು ಸುದ್ದಿ ಬರುತ್ತದೆ. ಅದನ್ನು ರಷ್ಯಾದ ನಿಲುವು ಎಂದುಕೊಳ್ಳಬಹುದೇ?

ಉತ್ತರ: ಬೇಡ. ವಿದೇಶ ನೀತಿಯನ್ನು ನಡೆಸುವವರು ಅಧ್ಯಕ್ಷರೆಂದು 86ನೇ ವಿಧಿ ನೇರವಾಗಿ ಹೇಳುತ್ತದೆ. ಸಮಿತಿಗಳ ಕೆಲಸ ಒಪ್ಪಂದಗಳ ಅನುಮೋದನೆ ಮಸೂದೆ ನೋಡುವುದು, ರಾಯಭಾರಿಗಳ ನೇಮಕದಲ್ಲಿ ಅಭಿಪ್ರಾಯ ಕೊಡುವುದು. ಮೊದಲು ಯಾವ ಮನೆಯ ಸಮಿತಿ ಎಂದು ನೋಡಿ. ಎರಡು ಮನೆಗೂ ಒಂದೊಂದಿದೆ, ವರದಿಗಳಲ್ಲಿ ಅದಲುಬದಲಾಗುವುದು ಮಾಮೂಲು. ಕಾನ್‌ಸ್ತಾಂತಿನ್ ಕೊಸಚೆವ್ ಅವರಂತೂ ಎರಡನ್ನೂ ನಡೆಸಿದವರು: 2003ರಿಂದ 2011ರವರೆಗೆ ಡ್ಯೂಮಾದ್ದು, 2014ರ ಕೊನೆಯಿಂದ 2021ರ ಆರಂಭದವರೆಗೆ ಮೇಲ್ಮನೆಯದು. ಅವರೂ ಪ್ರಿಮಾಕೋವ್ ಪ್ರಧಾನಿಯಾಗಿದ್ದಾಗ ವಿದೇಶಾಂಗ ಸಲಹೆಗಾರರಾಗಿದ್ದು ರಾಜಕೀಯಕ್ಕೆ ಬಂದವರೇ.

ಪ್ರಶ್ನೆ: 2015ರಲ್ಲಿ ತೀರಿಕೊಂಡವರ ಹೆಸರು 2020ರ ಸುದ್ದಿಯಲ್ಲಿ ಹೇಗೆ ಬಂತು?

ಉತ್ತರ: ಅವರು ಮೊಮ್ಮಗ, ಹೆಸರೂ ಯೆವ್ಗೆನಿ ಪ್ರಿಮಾಕೋವ್. ಟಿವಿ ಪತ್ರಕರ್ತರಾಗಿದ್ದು, ಡ್ಯೂಮಾ ಸದಸ್ಯರಾಗಿ, 2020ರ ಜೂನಿನಲ್ಲಿ ವಿದೇಶಗಳಲ್ಲಿ ರಷ್ಯಾದ ಸಾಂಸ್ಕೃತಿಕ ಕೇಂದ್ರಗಳನ್ನು ನಡೆಸುವ ‘ರೊಸ್ಸೊತ್ರುದ್ನಿಚೆಸ್ತ್ವೊ’ ಸಂಸ್ಥೆಯ ಮುಖ್ಯಸ್ಥರಾದರು. ಕೊಸಚೆವ್ 2012ರಿಂದ 2014ರವರೆಗೆ ಕೂತಿದ್ದ ಕುರ್ಚಿಯೇ ಅದು.